ನಿನ್ನ ರೇಡಿಯೊ ಪತ್ರಿಕೆಗಳ ಪೆಟ್ಟಿಗೆ

ಗೆಳೆಯಾ,

ನೀನು ತೀರಿಕೊಂಡು ತಿಂಗಳಾಯಿತು. ನಿನ್ನ ಹಳೆಯ ರೇಡಿಯೊ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿಡಿ ಎಂದು ನಿನ್ನ ತಂಗಿ ಇವತ್ತು ತಂದುಕೊಟ್ಟಳು. ನಾನು ಮೊದಲು ಹುಡುಕಿದ್ದು ನನ್ನ ಟ್ರಾನ್ಸ್‌ಮಿಟರ್ ನಕ್ಷೆ ನಿನ್ನ ಹೆಸರಿನಲ್ಲಿ ಅಚ್ಚಾದ ಸಂಚಿಕೆಯನ್ನೇ. ಮೂವತ್ತು ವರ್ಷ ನಾನು ನಿನ್ನ ಜೊತೆ ಮಾತು ಬಿಟ್ಟದ್ದು ಅದಕ್ಕೇ ತಾನೇ?

ಪುಟ ಬಿಡಿಸಿ ಸ್ಕ್ಯಾನರ್ ಗಾಜಿನ ಮೇಲಿಡುವಾಗ, ಸಂಪಾದಕರು ನಿನಗೆ ಬರೆದ ಕಾಗದವೊಂದು ಜಾರಿ ಬಿತ್ತು. "ನಕ್ಷೆ ನಿಮ್ಮ ಗೆಳೆಯರದೆಂದು ನೀವು ಸ್ಪಷ್ಟವಾಗಿಯೇ ಬರೆದಿದ್ದಿರಿ. ನಿಮ್ಮ ಹೆಸರು ಅಚ್ಚಾದದ್ದು ನಮ್ಮ ತಪ್ಪು."

ಸಹಿಯನ್ನು ಭೂತಗನ್ನಡಿ ಹಿಡಿದು ನೋಡಿದೆ. ಕಾಗದ, ಶಾಯಿ ಎರಡೂ ಹಳೆಯವೇ. ಆದರೂ ಪಕ್ಕದಲ್ಲೇ ಇದ್ದ ನಿನ್ನ ತಂಗಿಯನ್ನು ಕೇಳಿಯೇಬಿಟ್ಟೆ: "ಇದನ್ನ ಈಚೆಗೆ ಯಾರಾದ್ರೂ ಬರೆಸಿ ಇಟ್ಟಿರಬಹುದಾ?"

ಅವಳು ನನ್ನನ್ನೇ ನೋಡಿದಳು.

"ಇದನ್ನ ನಿಮಗೆ ಯಾಕೆ ತೋರಿಸಲಿಲ್ಲ ಅಂತ ಅಣ್ಣನ್ನ ಕೇಳಿದ್ದೆ. 'ತೋರಿಸಿದ್ರೆ, ಇದನ್ನೂ ನಾನೇ ಬರೆಸಿಕೊಂಡೆ ಅಂತಾನೆ ಅವನು, ಬಿಡು' ಅಂದಿದ್ದ."