ಬೋರಲು ಹಾಕಿದ ಬಾವಿ

೧೯ ಜನವರಿ ೧೯೯೭, ಬೇಡಕಿಹಾಳ
ಹಲ್ಲುಜ್ಜುವಾಗಲೇ ಧರೆಪ್ಪಣ್ಣನ ಹುಕುಂ. ಅವನ ಮಗಳು ಸುಗಂಧಾಳಿಗೆ ಮುಂಬೈ ವರ. ನಾನು ಹೋಗಿ ಹುಡುಗನ ಮನೆ ನೋಡಿ ಬರಬೇಕಂತೆ. ಅವನಿಗೆ ಕಬ್ಬು ಕಡಿಯುವ ಗದ್ದಲ.
“ಚಾಷ್ಟಿ ಮಾಡಬ್ಯಾಡಲೇ. ಅಡಗಿಮನಿ, ನೀರು, ಎಲ್ಲಾ ನೋಡ್ಕೊಂಡು ಬಾ. ಹುಡುಗಿ ಬಾಳಿನ ಪ್ರಶ್ನಾ ಐತಿ.”
ಊರನ್ನು ನಗಿಸುವ ಚಾಷ್ಟಿ ಬಿಟ್ಟರೆ ನನ್ನಲ್ಲಿ ಉಳಿಯುವುದೇನು? ಮೀಸೆ.

೨೨ ಜನವರಿ, ಮುಂಬೈ
ಕುಡಚಿಯಲ್ಲಿ ರೈಲು ಹತ್ತಿದ್ದು. ಮೈಯೆಲ್ಲ ಇನ್ನೂ ತೂಗುತ್ತಿದೆ.
ಹುಡುಗ ಶ್ರೀಪಾಲ ಸ್ಟೇಶನ್ನಿಗೆ ಬಂದಿದ್ದ. ಚಿತ್ರಗಳ ಮ್ಯೂಸಿಯಂ ಒಂದರಲ್ಲಿ ವಾಚಮನ್. “ಮನಿಗೆ ಆಮ್ಯಾಲ ಹೋಗೂಣ್ರಿ ಕಾಕಾ” ಅಂದವನೇ ಸೀದಾ ಅಲ್ಲಿಗೆ ಕರೆದೊಯ್ದ.
ಹೊರಗೆ ಹಳೇ ಕಲ್ಲಿನ ಕಟ್ಟಡ. ಒಳಗೆ... ಅಬ್ಬಾ! ನಮ್ಮೂರ ಪಾವಟಿಗೆ ಬಾವಿಯನ್ನು ಮೆಟ್ಟಿಲು ಸಮೇತ ಯಾರೋ ಎತ್ತಿ ಬೋರಲು ಹಾಕಿದ್ದಾರೆ. ಸುತ್ತಿ ಸುತ್ತಿ ಮೇಲೇರಿದೆವು. ಅರ್ಧಚಂದ್ರದಂಥ ಮಹಡಿಗಳು, ಬಿಳಿ ಗೋಡೆ, ತುದಿಗೆ ಗುಮ್ಮಟ. ನಡೆದೆನೋ, ಈಜಿದೆನೋ... ಒಂದು ಚಿತ್ರದಲ್ಲಿ ಬರೀ ನೀಲಿ. ಮುಂದೆ ಕೂತೆ. ನಮ್ಮ ಕಡೆಯ ಜುಗೂಳದ ಹೊಳೆ ಕಣ್ಣಿಗೆ ಬಂತು, ನಾವೆ ಬಂತು, ನಿದ್ದೆಯೂ ಬಂತು.
ಎದ್ದು ಕೇಳಿದೆ — “ಅಳಿಯಂದ್ರ, ಇಲ್ಲಿ ಅಡಗಿಮನಿ ಎಲ್ಲೈತಿ?”
ಅವನು ನಗಲಿಲ್ಲ. ಕಟ್ಟಡದ ಹಿಂಬದಿಯ ಪಾವಟಿಗೆಯ ಮೇಲೆ ಕೂರಿಸಿ ಬುತ್ತಿ ಬಿಚ್ಚಿದ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ. ಗೋಡೆ ತುಂಬ ಕೇಸರಿ ಬಿಸಿಲು. ರೊಟ್ಟಿಯೂ ಕೇಸರಿ.
“ದಿನಾ ಇಲ್ಲೇ ಉಣ್ತೀನ್ರಿ. ಇಂಥಾ ಬೆಳಕ... ತೋರಸಾಕ ಬಾಜೂಕ ಯಾರೂ ಇಲ್ಲ.”
ಆಮೇಲೆ ಅವನ ಮನೆ, ಒಂದೇ ಖೋಲಿ. ಕಿಟಕಿಯಿಲ್ಲ. ಕಾಲು ಚಾಚಿದರೆ ಪಾದ ಹೊಸ್ತಿಲ ಹೊರಗೆ. ನೀರಿಗೆ ಓಣಿಯ ನಳ.
“ಊರಾಗ ಬಣ್ಣಾ ಹಚ್ಚಿ ಹೇಳಬ್ಯಾಡ್ರಿ ಕಾಕಾ. ಕಂಡದ್ದ ಹೇಳ್ರಿ.”

೨೫ ಜನವರಿ, ಊರು
ಕಂಡದ್ದೇ ಹೇಳಿದೆ. “ಅಣ್ಣಾ, ಆ ಖೋಲ್ಯಾಗ ಎಮ್ಮಿ ಕಟ್ಟಿದ್ರ ಬಾಲ ಓಣ್ಯಾಗ ಉಳೀತೈತಿ.”
ಕಟ್ಟೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು.
“ಖರೇನ ಹೇಳಾಕತ್ತೇನಿ!”
ಇನ್ನೂ ನಕ್ಕರು.
ಅಣ್ಣ ಕಣ್ಣೊರೆಸಿಕೊಂಡ. “ಮನಿ ಚಲೋ ಐತಿ, ಅದಕ್ಕ ಇಷ್ಟು ಖುಷೀಲೆ ಬಂದಾನ. ಹೂಂ ಅಂತ ತಿಳಿಸಿಬಿಡೂಣು.”
ಜನ ನಕ್ಕರೆ ನನಗೆ ಊಟ ಬೇಡ. ಇವತ್ತು ಮಾತ್ರ ಆ ನಗು ಮುಗಿಯುವ ಮೊದಲೇ ಕಟ್ಟೆಯಿಂದ ಎದ್ದು ಬಂದೆ.

೨೬ ಜನವರಿ
ಸುಗಂಧಾಳನ್ನು ಹಿತ್ತಲಿಗೆ ಕರೆದೆ. ಎತ್ತಿನ ಹಗ್ಗ ನೆಲಕ್ಕೆ ಹಾಸಿ ಖೋಲಿಯಷ್ಟೇ ಜಾಗ ಮಾಡಿದೆ.
“ಇಷ್ಟ ನೋಡವಾ ಮನಿ. ಚಾಷ್ಟಿ ಅಲ್ಲ.”
ಹಗ್ಗ ದಾಟಿ ಒಳಗೆ ಹೋಗಿ ಕೂತಳು, ಮೊಣಕಾಲು ಅಪ್ಪಿಕೊಂಡು. ಬಾವಿ, ನೀಲಿ, ಪಾವಟಿಗೆಯ ಬೆಳಕು — ಅದನ್ನೂ ಹೇಳಿದೆ. ಕೇಳುತ್ತ ಕೇಳುತ್ತ ಮೇಲೆ ನೋಡಿದಳು, ಆಕಾಶದಲ್ಲಿ ಗುಮ್ಮಟ ಇದ್ದಂತೆ.
“ಕಾಕಾ, ಅವರಿಗೆ ಫೋನ್ ಹಚ್ಚಿ ಕೊಡ್ರಿ. ಒಂದ ಮಾತ ಕೇಳಬೇಕು. ಹೂಂ ಅನ್ನೂದೋ, ಒಲ್ಲೆ ಅನ್ನೂದೋ, ಅಪ್ಪಗ ನಾನ ಹೇಳ್ತೀನಿ.”

೨೮ ಜನವರಿ, ಚಿಕ್ಕೋಡಿ, ಸಂಜೆ
ಎಸ್‌ಟಿಡಿ ಬೂತ್. ಮ್ಯೂಸಿಯಂ ನಂಬರ್ ಹತ್ತಿತು. ಶ್ರೀಪಾಲನನ್ನು ಕರೆಸಿ ರಿಸೀವರ್ ಅವಳ ಕೈಗಿತ್ತೆ.
“ಆ ಪಾವಟಿಗಿ ಮ್ಯಾಲ ಇಬ್ಬರು ಕುಂಡ್ರಾಕ ಜಾಗಾ ಐತೇನ್ರಿ?”
ಆ ಕಡೆಯಿಂದ ಏನಂದನೋ. ಹುಡುಗಿ ನನ್ನನ್ನು ಹೊರಗೆ ತಳ್ಳಿ ಬಾಗಿಲು ಎಳೆದುಕೊಂಡಳು. ಖೋಲಿಗಿಂತ ಸಣ್ಣ ಗಾಜಿನ ಡಬ್ಬಿ, ಒಳಗೆಲ್ಲ ಸಂಜೆ ಬಿಸಿಲು. ಗಾಜಿನ ಆಚೆಯಿಂದ ನಗುತ್ತ ಕೈ ಚಾಚಿ ನನಗೆ ಆ ಪಾವಟಿಗೆಯ ಅಗಲ ತೋರಿಸಿದಳು — ಇಷ್ಟು... ಇಲ್ಲ, ಇನ್ನೂ...