ಸಾಲಿನಲ್ಲಿ ಮೂರನೆಯ ಜಾಗ

ಪದ್ಮನಾಭನಗರ
14 ಜುಲೈ 2025

ವಸಂತಪುರದಲ್ಲಿ ನೆರೆದಿರುವ ಮಹಾಜನರೇ! ಬೀಗರೇ, ಬೀಗಿತ್ತಿಯವರೇ, ತೊಟ್ಟಿಲಿನ ಮಹಾರಾಣಿಯೇ! ಈ ಕಾಗದವನ್ನು ನೀವೆಲ್ಲ ಓದುತ್ತೀರೆಂದು ಬಲ್ಲೆ, ಓದಿ. ಆದರೆ ಮಾತು ನನ್ನ ಸೊಸೆಯೊಡನೆ.

ಚಿ. ಸೌ. ರಾಜಶ್ರೀಗೆ ಆಶೀರ್ವಾದಗಳು. ಬೆನ್ನುನೋವು ಹೇಗಿದೆ ತಾಯಿ? ಮಗು ಪ್ರಕೃತಿಗೆ ಎರಡನೇ ಹಲ್ಲು ಬಂತೆ? ಇಲ್ಲಿ ನಿನ್ನತ್ತೆ ನನ್ನೊಡನೆ ಮಾತು ಬಿಟ್ಟು ಒಂಬತ್ತು ದಿನ. ನಿನ್ನ ಗಂಡ ಕಿಟ್ಟಿ ಉಂಡು, ನನ್ನ ಮುಖ ನೋಡದೆ ಕೋಣೆ ಸೇರುತ್ತಾನೆ. ಐವತ್ತು ವರ್ಷ ರಂಗದ ಮೇಲೆ ಗುಡುಗಿದ ಗಂಟಲು ದಣಿದಿದೆಯಮ್ಮ.

ಅಂದು ಡಾಕ್ಟರು ಮಗುವಿನ ಬೆಳವಣಿಗೆ ಗುರುತಿಸುವ ಗೆರೆಗಳ ಕಾಗದ ತೋರಿಸಿ, ಮಗು ಉದ್ದದಲ್ಲೂ ತೂಕದಲ್ಲೂ ಮೂರನೇ ಪರ್ಸೆಂಟೈಲ್ ಎಂದರು. ಹುಟ್ಟಿದಾಗಿನಿಂದ ಅದೇ ಗೆರೆ ಹಿಡಿದು ಬೆಳೆಯುತ್ತಿದ್ದಾಳೆ, ಚೆನ್ನಾಗಿದ್ದಾಳೆ ಎಂದೂ ಅಂದರಂತೆ. ನನ್ನ ಕಿವಿ ಹಿಡಿದದ್ದು ನೂರಕ್ಕೆ ಮೂರು! ಮನೆಗೆ ಬಂದವನೇ ಬೀದಿಬಾಗಿಲಲ್ಲಿ, "ನೂರಕ್ಕೆ ಮೂರಾ? ಏನಮ್ಮ ಹಾಕ್ತಿದ್ದೀಯಾ ಮಗು ಹೊಟ್ಟೆಗೆ?" ಎಂದು ಇಡೀ ಕ್ರಾಸಿಗೆ ಕೇಳುವಂತೆ ಗರ್ಜಿಸಿದೆ. ನೀನು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, "ಸರಿ ಮಾವ" ಎಂದೆ. ಅಷ್ಟೇ. ಆಟೊ ಬಂತು, ಮಗುವನ್ನೆತ್ತಿಕೊಂಡು ನೀನು ತವರಿಗೆ ಹೊರಟುಬಿಟ್ಟೆ.

ಮೊನ್ನೆ ಕೆಳಮನೆಯ ಟ್ಯೂಷನ್ ಮೇಷ್ಟ್ರು ಚಕ್ರಪಾಣಿಯ ಮುಂದೆ ನನ್ನ ವಾದ ಮಂಡಿಸಿದೆ. ಆತ ಹಣೆ ಚಚ್ಚಿಕೊಂಡ. "ಅದು ಮಾರ್ಕ್ಸ್ ಅಲ್ಲ ಸಾರ್, ಜಾಗ! ಅದೇ ವಯಸ್ಸಿನ ನೂರು ಹೆಣ್ಮಕ್ಕಳನ್ನ ಗಿಡ್ಡದಿಂದ ಉದ್ದಕ್ಕೆ ಸಾಲಾಗಿ ನಿಲ್ಸಿ. ಸುಮಾರು ಮೂರು ಜನ ನಿಮ್ಮ ಮೊಮ್ಮಗಳಿಗಿಂತ ಗಿಡ್ಡ, ಮಿಕ್ಕೋರು ಉದ್ದ. ಯಾರೂ ಫೇಲ್ ಇಲ್ಲ. ಸಾಲು ಅಂದ್ಮೇಲೆ ಮೊದಲು ಯಾರಾದ್ರೂ ನಿಲ್ಲಲೇಬೇಕಲ್ವಾ?"

ಅಯ್ಯೋ, ಇದು ನನಗೆ ಗೊತ್ತಿದ್ದ ವಿದ್ಯೆ! ನಾಟಕ ಕಂಪನಿಯಲ್ಲಿ ಸೈನಿಕರ ಅಂಗಿ ಹೊಲಿಸುವಾಗ ನಮ್ಮನ್ನು ಎತ್ತರದ ಸಾಲಿನಲ್ಲಿ ನಿಲ್ಲಿಸಿ, ಸಮನಾಗಿ ನಾಲ್ಕು ಗುಂಪು ಮಾಡಿ, ಗುಂಪಿಗೊಂದು ಅಳತೆ ತೆಗೆಯುತ್ತಿದ್ದರು. ಹಾಗೆ ನಾಲ್ಕು ಪಾಲು ಮಾಡಿದರೆ ಕ್ವಾರ್ಟೈಲ್, ನೂರು ಪಾಲು ಮಾಡಿದರೆ ಪರ್ಸೆಂಟೈಲ್ ಅಂತೆ. ಗಿಡ್ಡರ ಗುಂಪಿಗೆ ಗಿಡ್ಡ ಅಂಗಿ ಬರುತ್ತಿತ್ತೇ ಹೊರತು ಬೈಗುಳ ಬರುತ್ತಿರಲಿಲ್ಲ.

ನಿನ್ನ ತಂದೆತಾಯಿಗೆ ನಮಸ್ಕಾರ. ಮಗುವಿಗೆ ಮುತ್ತು.

ನಿನ್ನ ಮಾವ,
ಸಿದ್ದಲಿಂಗಯ್ಯ

ತಾ.ಕ.: ಆ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುತ್ತಿದ್ದ ಗಿಡ್ಡ ನಾನೇ. ಮಗು ನನ್ನ ಹಾಗಿದೆ. ಅಂದು ನಿನಗೆ ಅದು ಕಂಡಿತ್ತು; ಬಾಯಿಬಿಟ್ಟು ಆಡಲಿಲ್ಲ. ಈ ಕಾಗದ ಕಿಟ್ಟಿಯ ಕೈಲಿ ಸಂಜೆಗೆ ತಲುಪುತ್ತದೆ. ನಾಳೆ ಬೆಳಗ್ಗೆ ಮೊದಲ ಬಸ್ಸಿಗೆ ಬಂದು, ನಿಮ್ಮ ಬೀದಿಬಾಗಿಲಲ್ಲಿ ನಿಂತು, ಅಂದು ಗರ್ಜಿಸಿದಷ್ಟೇ ಜೋರಾಗಿ ತಪ್ಪಾಯಿತೆಂದು ಕೂಗುತ್ತೇನೆ.