ಸೂರ್ಯನ ಮುಖ ಒರೆಸುವ ಕೆಲಸ

ಮಂಗಳವಾರ, ರಾತ್ರಿ.

ಸಮಸ್ತ ಲೋಕಕ್ಕೆ ಈ ಮೂಲಕ ಘೋಷಿಸುವುದೇನೆಂದರೆ, ನಮ್ಮ ದಿನಸಿ ಅಂಗಡಿಯ ಸೂರಿನ ಮೇಲೆ ಪಾರಿವಾಳವೊಂದು ಹಿಕ್ಕೆ ಹಾಕಿದೆ. ಒಂದಲ್ಲ, ಅದರ ಇಡೀ ಬಂಧುಬಳಗ.

ನನ್ನ ಪಾಲಿನ ಹೊಗೆಯಾದರೂ ಭೂಮಿಗೆ ತಪ್ಪಲಿ ಎಂದು ಅದೇ ಸೂರಿನ ಮೇಲೆ ಸೋಲಾರ್ ಫಲಕ ಹಾಕಿಸಿದ್ದೆ. ಫ್ರಿಜ್ಜುಗಳೆಲ್ಲ ಬಿಸಿಲಿನಿಂದಲೇ ತಂಪಾಗುತ್ತಿದ್ದವು. ಈ ತಿಂಗಳು ಬಿಸಿಲು ಅಷ್ಟೇ ಇದ್ದರೂ ಕರೆಂಟು ಕಡಿಮೆಯಾಯಿತು. ಸೋಲಾರಿನ ಮೆಕ್ಯಾನಿಕ್ ಹತ್ತಿ ನೋಡಿ, "ಸಾರ್, ಗಾಜಿಗೆ ಪೂರಾ ಸುಣ್ಣ ಹೊಡೆದ ಹಾಗಿದೆ. ಹಕ್ಕಿಗೆ ಕಾಳು ಹಾಕೋರು ಯಾರು?" ಅಂದ.

ಯಾರೆಂದು ಗೊತ್ತಿತ್ತು. ಅಪ್ಪನಿಗೆ ಮೆತ್ತಗೆ ಹೇಳಿದೆ. "ಅಷ್ಟಕ್ಕೆ ಯಾಕೋ ಮುಖ ಸಣ್ಣಗೆ ಮಾಡ್ತೀಯ? ಹಕ್ಕಿ ನನ್ನವು, ಒರೆಸೋನೂ ನಾನೇ," ಅಂದರು. ತಮಾಷೆ ಅಂದುಕೊಂಡೆ.

ಇಂದು ಮಧ್ಯಾಹ್ನ ಗಿರಾಕಿಯೊಬ್ಬರು ಮೇಲಕ್ಕೆ ಬೆರಳು ತೋರಿಸಿದರು. ಎಂಬತ್ತರ ಹತ್ತಿರದ ಅಪ್ಪ ಏಣಿ ಹತ್ತಿ, ಇಳಿಜಾರು ತಗಡಿನ ಮೇಲೆ, ಬರಿಗಾಲಲ್ಲಿ, ಒದ್ದೆ ಬಟ್ಟೆ ಹಿಡಿದು ನಿಂತಿದ್ದಾರೆ! "ಇಳೀರಪ್ಪಾ!" ಎಂದು ಕೂಗಿದರೆ, "ಕೆಲಸದ ಹೊತ್ತಲ್ಲಿ ಮಾತಾಡಿಸ್ಬೇಡ್ವೋ!" ಎಂದು ನನಗೇ ಗದರಿದರು.

ಅಂಗಡಿಯನ್ನು ನನಗೆ ಬಿಟ್ಟುಕೊಟ್ಟ ಮೇಲೆ ಅವರ ಮುಖದಲ್ಲಿ ಇಂಥ ಕಳೆ ಕಂಡಿರಲಿಲ್ಲ. ನಿದ್ದೆ ಕೆಡಿಸಿರುವುದು ಅದೇ. ಬೇಡವೆಂದರೆ ಮತ್ತೆ ಮೂಲೆಯ ಕುರ್ಚಿ. ಸುಮ್ಮನಿದ್ದರೆ ಒಂದು ದಿನ ಕಾಲು ಜಾರಿ...

ನಾನಿಲ್ಲದಾಗ ಈ ಡೈರಿಯನ್ನು ಕದ್ದು ಓದುವ ಹೆಂಡತಿಯೇ, ಬೆಳಗ್ಗೆಯೇ ಏಣಿಯನ್ನು ಪಕ್ಕದ ದರ್ಜಿಯ ಮನೆಗೆ ಸಾಗಿಸಿ, ಉದ್ದ ಹಿಡಿಯ ಮಾಪನ್ನು ನಿನ್ನ ಮಾವನ ಕೈಗೆ ಕೊಡು. ಅಂಗಡಿಗೆ ಅಂಟಿಕೊಂಡ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತೇ ಗಾಜಿಗೆ ಎಟುಕುತ್ತದೆ. ನನ್ನ ಹೆಸರು ಮಾತ್ರ ಎತ್ತಬೇಡ.